ಪ್ರಹ್ಲಾದ ಮಾಸ್ತರರ ಗಾಡಿ ಎದುರಿನ ಗ್ಯಾರೇಜಿಗೆ ಹೋದದ್ದು

ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ರಸ್ತೆಯಲ್ಲಿ ದೇವೇಂದ್ರಪ್ಪನ ಗ್ಯಾರೇಜು ಮೂವತ್ತು ವರ್ಷದ್ದು. ಗಾಡಿ ಕೆಮ್ಮಿದ್ದು ಕೇಳಿಯೇ ಅದರ ರೋಗ ಹೇಳುವ ಮನುಷ್ಯ. ಆದರೆ ಎದುರಿಗೆ ಜೈಬುನ್ನೀಸಾ ತಗಡು ಹೊದಿಸಿ ತನ್ನ ಗ್ಯಾರೇಜು ತೆರೆದ ದಿನದಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಅವಳು ಹೊರಗಿನವಳಲ್ಲ, ಅವನಿಗೆ ನಟ್ಟು ತಿರುವುವ ಪಾನಾ ಹಿಡಿಯಲು ಕಲಿಸಿದ ಉಸ್ತಾದರ ಮಗಳು. ಕರೆಂಟು ಎಲ್ಲಿಯತನಕ ಬಂದಿದೆ ಎಂದು ತೋರಿಸುವ ಪುಟ್ಟ ಟೆಸ್ಟ್ ಲ್ಯಾಂಪೊಂದು ಉಸ್ತಾದರ ಹತ್ತಿರ ಇತ್ತು. ತನಗೇ ಬರುತ್ತದೆಂದು ದೇವೇಂದ್ರಪ್ಪ ಗೋಡೆಗೆ ಮೊಳೆಯನ್ನೂ ಹೊಡೆದಿಟ್ಟಿದ್ದ. ಉಸ್ತಾದರು ಸಾಯುವಾಗ ಅದನ್ನು ಮಗಳ ಕೈಯಲ್ಲಿಟ್ಟರು.

ಅವಳ ಅಂಗಳದಲ್ಲಿ ಯಾರ ಗಾಡಿ ನಿಂತಿದೆ ಎಂದು ನೋಡದೆ ಅವನು ಚಹಾ ಕೂಡ ಕುಡಿಯುತ್ತಿರಲಿಲ್ಲ.

"ಕಣ್ಣ ಅಕಿ ಅಂಗಳದಾಗ ಬಿಟ್ಟ ಬಂದೀರೇನ? ತಾಟಿನಾಗ ರೊಟ್ಟಿ ಆರಾಕತ್ತಾವ" ಎಂದು ಹೆಂಡತಿ ಸಿದ್ದಲಿಂಗವ್ವ ಚುಚ್ಚುತ್ತಿದ್ದಳು.

ಅವನಿಗಿದ್ದ ಒಂದೇ ಸಮಾಧಾನ ಪ್ರಹ್ಲಾದ ಮಾಸ್ತರರ ಬಿಳಿ ಕಾರು. ಅರ್ಧ ಊರಿಗೆ ಅಕ್ಷರ ಕಲಿಸಿದವರು ಅವರು. ಅವರ ಗಾಡಿ ಎಲ್ಲಿ ನಿಲ್ಲುತ್ತದೋ ಊರಿನ ಗಾಡಿಗಳೂ ಅಲ್ಲಿಯೇ. ಇಪ್ಪತ್ತು ವರ್ಷ ಅದನ್ನು ಬೇರೆಯವರು ಮುಟ್ಟಿರಲಿಲ್ಲ.

ಅಂಥ ಗಾಡಿ ಒಂದು ದಿನ ಕೈಕೊಟ್ಟಿತು. ಲೈಟು ಹತ್ತುತ್ತಿತ್ತು, ಹಾರ್ನು ಕೂಗುತ್ತಿತ್ತು. ಚಾವಿ ತಿರುವಿದರೆ ಮಾತ್ರ ಟಕ್ ಎಂದು ಒಂದೇ ಸದ್ದು. ದೇವೇಂದ್ರಪ್ಪ ಬ್ಯಾಟರಿ ಬದಲಿಸಿದ. ಎಂಜಿನ್ ತಿರುಗಿಸುವ ಸೆಲ್ಫ್ ಮೋಟರನ್ನೂ ಬಿಚ್ಚಿ ಸರಿಮಾಡಿದ. ಎರಡು ದಿನ ಓಡಿದ ಗಾಡಿ ಶಿರಹಟ್ಟಿ ಬಸ್ ಸ್ಟ್ಯಾಂಡಿನ ಮುಂದೆ ಮತ್ತೆ ಟಕ್ ಎಂದಿತು. ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿನ ತನಕ ಎಳೆದು ತಂದರು.

"ಸಿಟ್ಟಾಗಬ್ಯಾಡಪಾ ದೇವೇಂದ್ರ, ಒಮ್ಮಿ ಅಕಿಗೂ ತೋರಸ್ತೀನಿ" ಎಂದು ಮಾಸ್ತರರು ಗಾಡಿಯನ್ನು ರಸ್ತೆಯಾಚೆ ದಬ್ಬಿಸಿಕೊಂಡು ಹೋದರು.

ದೇವೇಂದ್ರಪ್ಪ ಹಿಂದೆಯೇ ಹೋಗಿ ನಿಂತ. ಗಾಡಿ ಚಾಲೂ ಆಗಬಾರದು ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಜೈಬುನ್ನೀಸಾ ದಪ್ಪನೆಯ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೆ ಹಿಡಿಸಿದಳು.

"ಚಾವಿ ತಿರವ್ರಿ ಮಾಸ್ತರ."

ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ಹಾಗಾದರೆ ಬ್ಯಾಟರಿಯಿಂದ ಎಂಜಿನ್ನಿಗೆ ಹೋಗುವ ಅರ್ತ್ ವೈರೇ ಕೆಟ್ಟಿದೆ. ಬಂದ್ ಮಾಡಿಸಿ ಅದರ ಬೋಲ್ಟು ಬಿಚ್ಚಿದಳು. ತುದಿಯೆಲ್ಲ ಹಸಿರು ಪುಡಿ, ಅದರಲ್ಲಿ ಕುಂಕುಮ, ಎರಡೆಳೆ ತೆಂಗಿನ ನಾರು. ತಲೆಯೆತ್ತಿ ದೇವೇಂದ್ರಪ್ಪನನ್ನು ನೋಡಿದಳು. ಅವನಿಗೆ ತಿಳಿದುಹೋಯಿತು. ಅಮಾವಾಸ್ಯೆಯ ಪೂಜೆಗೆ ಎಲ್ಲರೂ ಕಾಯಿಯನ್ನು ಗಾಲಿಯ ಮುಂದೆ ಒಡೆದರೆ, ಅವನು ಬಾನೆಟ್ಟು ಎತ್ತಿಸಿ ಎಂಜಿನ್ನಿನ ಮೇಲೆಯೇ ಒಡೆದು ನೀರು ಹೊಯ್ಯುತ್ತಿದ್ದ. ವರ್ಷಗಟ್ಟಲೆ ಆ ಕಾಯಿ ನೀರಿನ ಉಪ್ಪಿನಂಶ ವೈರನ್ನು ತಿಂದಿತ್ತು.

ಅವಳು ಅರಿವೆಯಿಂದ ಕುಂಕುಮ ಒರೆಸಿಬಿಟ್ಟಳು.

"ಏನಾಗಿತ್ತವಾ?" ಮಾಸ್ತರರು ಕೇಳಿದರು.

"ಏನಿಲ್ರಿ, ಹಳೇ ವೈರು. ದೇವಣ್ಣ ಮಾಡಿದ ಕೆಲಸ ಬರೋಬ್ಬರಿ ಐತಿ."

ಹಂಗಿಸಿದ್ದರೆ ಅವನು ಜಗಳಕ್ಕೆ ನಿಲ್ಲುತ್ತಿದ್ದ. ಅವನ ತಪ್ಪು ಮುಚ್ಚಿ ಅವಳು ಇನ್ನೊಂದು ಗೇಣು ಎತ್ತರವಾದದ್ದನ್ನು ಅವನಿಂದ ತಾಳಲಾಗಲಿಲ್ಲ.

"ಸುಳ್ಳ ಹೇಳಬ್ಯಾಡ ಜೈಬೂ! ಅದು ಕಾಯಿ ನೀರು. ನಾನ ಹೊಯ್ದೇನಿ, ಅಮಾಸಿಗೊಮ್ಮಿ, ನನ್ನ ಕೈಯಾರೆ!"

ಗಾಡಿ ದಬ್ಬಲು ಬಂದಿದ್ದ ಪಂಕ್ಚರ್ ಅಂಗಡಿಯ ಮೈಲಾರಪ್ಪ ನಕ್ಕುಬಿಟ್ಟ. "ಮಂದಿಗಿ ನೀರಡಿಸಿದ್ರ ಚಹಾನೂ ಕೇಳಾಂವಲ್ಲ ನೀ, ಎಂಜಿನ್ನಿಗೆ ಎಳನೀರ ಕುಡಿಸಿದೇನೋ?"

ಮಾಸ್ತರರೂ ನಕ್ಕರು. "ಇನ್ನಷ್ಟ ಹೊಯ್ಯಪಾ ಅಂತ ನಾನೂ ಹೇಳೇನಿ ಬಿಡು. ಮುಂದಿನ ಅಮಾಸಿಗಿ ಗಾಡಿ ಎಲ್ಲಿ ತರ್ಲಿ ಈಗ?"

"ದೇವಣ್ಣನ ಕಡೇನ ಒಯ್ರಿ" ಎಂದಳು ಜೈಬುನ್ನೀಸಾ, ಹೊಸ ವೈರು ಬಿಗಿಯುತ್ತ. "ಕಾಯಿ ಮಾತ್ರ ಗಾಲಿ ಮುಂದ ಒಡೀಲಿ."

ಅಂದು ಮನೆಗೆ ಬಂದವನು ರೊಟ್ಟಿ ಮುರಿಯದೆ ಕುಳಿತ.

"ಮಾಸ್ತರ ಗಾಡಿ ನಮ್ಮ ಕಡೇನ ಉಳೀತು" ಎಂದ.

"ಮತ್ತ ಮಾರಿ ಯಾಕ ಹಿಂಗ ಮಾಡೀರಿ?" ಸಿದ್ದಲಿಂಗವ್ವ ಕೇಳಿದಳು.

"ಅಕಿ ಬಿಟ್ಟುಕೊಟ್ಟಳಲ್ಲ!"