ಖಣವೋ, ಟವೆಲ್ಲೋ?

ತಟ್ಟೆಯಲ್ಲಿ ಗುಳೇದಗುಡ್ಡದ ಖಣ. ಪಕ್ಕದಲ್ಲೇ ಟವೆಲ್ಲು. ಕಳೆದ ಶುಕ್ರವಾರ, ಹೊರಟು ನಿಂತ ಅತಿಥಿಯ ಮುಂದೆ ಈ ತಟ್ಟೆ ಹಿಡಿದು ನಾನು ಕಲ್ಲಾಗಿಬಿಟ್ಟೆ.

ಊಟಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಧಾರವಾಡದ ಮನೆಯಲ್ಲಿ ಇಲ್ಲ. ಹೆಂಗಸರಿಗೆ ರವಿಕೆಯ ಖಣ, ಗಂಡಸರಿಗೆ ಟವೆಲ್ಲು. ಈ ನಿಯಮ ನಮ್ಮ ಜೊತೆಗೇ ವಿಮಾನ ಹತ್ತಿ ಮಸ್ಕತ್ತಿನ ದಾರ್ಸೈಟ್‌ನ ಫ್ಲ್ಯಾಟಿಗೂ ಬಂದಿದೆ. ಇಷ್ಟು ವರ್ಷ ಏನೂ ತೊಂದರೆ ಕೊಟ್ಟಿರಲಿಲ್ಲ.

ಆದರೆ ನೋಆಮ್? ಕೆನಡಾದವರು, ಯಹೂದಿ, ನಮ್ಮವರ ಪ್ರಾಜೆಕ್ಟಿಗೆಂದು ಕೆಲವು ವಾರಕ್ಕೆ ಬಂದ ಎಂಜಿನಿಯರ್. ತಾವು ಹೆಣ್ಣೂ ಅಲ್ಲ, ಗಂಡೂ ಅಲ್ಲ, ನಾನ್‌ಬೈನರಿ ಎಂದು ಅವರೇ ಹೇಳಿದ್ದರಂತೆ. (ನಮ್ಮ ಭಾಷೆಯಲ್ಲಿ ‘ಅವರು’ ಇರುವುದರಿಂದ ಅರ್ಧ ಪೇಚಾಟ ತಪ್ಪಿತು. ಉಳಿದರ್ಧ ತಟ್ಟೆಯಲ್ಲಿತ್ತು.)

ನಿಜ ಹೇಳಲೇ? ನಾನು ಕಲ್ಲಾಗಿದ್ದು ಅತಿಥಿಯ ಕಾರಣಕ್ಕಲ್ಲ. ಹಿಂದೆ ನಿಧಿ ನಿಂತಿದ್ದಳು.

ನಿಧಿ ನನ್ನ ಮಗಳು, ಹನ್ನೆರಡನೇ ಕ್ಲಾಸು. (ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬದಲಿಸಿದ್ದೇನೆ.) ಕೂದಲು ಗಿಡ್ಡ ಮಾಡಿಸಿಕೊಂಡಳು, ನೆಂಟರಿಗೆ ಮಸ್ಕತ್ತಿನ ಸೆಕೆ ಎಂದೆ. ಭಜನೆಯಲ್ಲಿ ಹೆಂಗಸರ ಕಡೆ ಕೂರುವುದಿಲ್ಲ ಎಂದಳು, ಕಾಲುನೋವು ಎಂದೆ. ಒಂದು ದಿನ, ‘ಅಮ್ಮಾ, ಐ ಆಮ್ ನಾಟ್ ಎ ಗರ್ಲ್’ ಎಂದಳು. ಮೊದಲು ಬೋರ್ಡ್ ಎಕ್ಸಾಮ್ ಮುಗಿಯಲಿ ಎಂದೆ. ತಾಯಂದಿರಿಗೆ ಎಕ್ಸಾಮ್‌ಗಿಂತ ಒಳ್ಳೆಯ ನೆಪ ಇನ್ನೊಂದಿದೆಯೇ?

ಅಂಥವಳು ರೊಟ್ಟಿ ಮುರಿಯುತ್ತಾ ನೋಆಮ್‌ರನ್ನು ನೇರವಾಗಿ ಕೇಳಿಯೇಬಿಟ್ಟಳು: ನಿಮ್ಮ ಧರ್ಮ ಏನನ್ನುತ್ತದೆ?

ಅವರು ನಕ್ಕರು. ಹೆಣ್ಣು–ಗಂಡು ಎರಡಕ್ಕೂ ಸೇರದವರ ಬಗ್ಗೆ ಅವರ ಪ್ರಾಚೀನ ಗುರುಗಳು ತಾಸುಗಟ್ಟಲೆ ವಾದಿಸಿದ್ದರಂತೆ. ಯಾವ ನಿಯಮ ಇವರಿಗೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು. ಇವರದು ಬೇರೆಯೇ ಒಂದು ಸೃಷ್ಟಿ ಎಂದವರೂ ಇದ್ದರಂತೆ. ‘ಅದೆಲ್ಲ ದೇಹದ ಲಕ್ಷಣದ ಚರ್ಚೆ, ನನ್ನ ಮನಸ್ಸಿನದಲ್ಲ. ಆದರೂ ಲೆಕ್ಕಕ್ಕೆ ತೆಗೆದುಕೊಂಡರಲ್ಲ’ ಎಂದರು ನೋಆಮ್.

ಆಮೇಲೆ ದನಿ ತಗ್ಗಿತು. ಅವರ ಅಜ್ಜ ತೀರಿಕೊಂಡಾಗ ಶೋಕದ ಪ್ರಾರ್ಥನೆಗೆ ಹತ್ತು ಜನ ಬೇಕಿತ್ತಂತೆ. ಈಗ ಎಲ್ಲರನ್ನೂ ಎಣಿಸುವ ಸಭೆಗಳಿವೆ. ಅಜ್ಜನ ಸಭೆಯಲ್ಲಿ ಎಣಿಸುವುದು ಗಂಡಸರನ್ನು ಮಾತ್ರ. ಒಂಬತ್ತು ಜನ ಸೇರಿದ್ದರು. ಎಲ್ಲರೂ ಒಮ್ಮೆ ನೋಆಮ್‌ರನ್ನು ನೋಡಿದರು. ಆಮೇಲೆ ಒಬ್ಬರು ಹತ್ತನೆಯ ಗಂಡಸಿಗಾಗಿ ಪಕ್ಕದ ಮನೆಗೆ ಫೋನ್ ಮಾಡಿದರು. ಅಜ್ಜ ಎತ್ತಿ ಆಡಿಸಿದ ಮೊಮ್ಮಗು ಎದುರಿಗೇ ಕೂತಿತ್ತು.

ನಿಧಿಯ ರೊಟ್ಟಿ ಹಾಗೇ ಉಳಿಯಿತು.

ಸೂರ್ಯ ಮುಳುಗುವುದರೊಳಗೆ ಅವರು ರೂಮಿಗೆ ಹೋಗಿ ತಮ್ಮ ವಾರದ ಹಬ್ಬದ ದೀಪ ಹಚ್ಚಬೇಕಿತ್ತು. ಅದಕ್ಕೇ ಅವಸರ. ನಮ್ಮವರು ಹಿಂದಿನಿಂದ ಕೆಮ್ಮಿದರು. ನಾನು ತಟ್ಟೆಯನ್ನು ಟೀಪಾಯಿ ಮೇಲಿಟ್ಟು, ಅಡುಗೆಮನೆಗೆ ಓಡಿ, ಶೇಂಗಾ ಚಟ್ನಿಪುಡಿಯ ಡಬ್ಬಿ ತಂದು ಅವರ ಕೈಗಿಟ್ಟೆ. ಖಲಾಸ್! ಚಟ್ನಿಪುಡಿಗೆ ಹೆಣ್ಣುಗಂಡಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಬಾಗಿಲು ಹಾಕಿ ತಿರುಗಿದರೆ, ತಟ್ಟೆ ಹಿಡಿದು ನಿಧಿ ನಿಂತಿದೆ. ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ಮಗು ಅಂದು ನನ್ನ ಅವ್ವನ ಕನ್ನಡದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿತು. ವಾರವಾಯಿತು, ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮಡಿಸುತ್ತಿದ್ದೇನೆ. ಭಯವಾಗುತ್ತದೆ. ಉತ್ತರ ಗೊತ್ತಿದೆ, ಬಾಯಿಗೆ ಬರುತ್ತಿಲ್ಲ.

‘ಅವ್ವಾ, ನಮ್ಮನ್ಯಾಗ ಒಂಬತ್ತು ಮಂದಿ ಕೂಡಿದ್ರ, ನೀ ನನ್ನ ಎಣಸ್ತಿಯೋ, ಬಾಜೂ ಮನಿಗೆ ಫೋನ್ ಹಚ್ತಿಯೋ?’