ಬೋಲ್ಟಿನ ಮೇಲಿನ ಕೆಂಪು ಗೆರೆ

ನನ್ನ ಮೈದುನನನ್ನು ಬೀದಿಯವರೆಲ್ಲ ಒರೆಸುಬಟ್ಟೆ ಎಂದೇ ಕರೆಯುತ್ತಿದ್ದರು. ಹೆಗಲ ಮೇಲೆ ಒಂದು ಬಟ್ಟೆಚೂರು ಇಲ್ಲದೆ ಅವನನ್ನು ಯಾರೂ ಕಂಡಿಲ್ಲ. ಊಟಕ್ಕೆ ಕೂತಾಗಲೂ ಅದು ಅಲ್ಲೇ. ನಾನು ಮದುವೆಯಾಗಿ ಬಂದಾಗ ಅದು ತಾಯಿಯಿಲ್ಲದ ಮನೆ. ಅವನ ತಲೆ ಬಾಚಿದ್ದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ನಾನೇ. ಅಣ್ಣನ, ಅಂದರೆ ನಮ್ಮವರ, ಗ್ಯಾರೇಜಿನಲ್ಲಿ ಕೆಲಸ ಕಲಿತ. ಅಣ್ಣ ಹೋದ ಮೇಲೆ ಗ್ಯಾರೇಜನ್ನು ಅವನೇ ನಡೆಸಿದ. ಮದುವೆ ಮಾತ್ರ ಆಗಲಿಲ್ಲ.

ಅವನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಬೋಲ್ಟು ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಉಗುರುಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಎರಡಾಗುತ್ತದೆ. ಆ ಶೀಶೆ ತರಲು ತಾನೇ ಅಂಗಡಿಗೆ ಹೋಗುತ್ತಿದ್ದ.

"ಯಾರಿಗಪ್ಪಾ ಇದು? ಮನೇಲಿ ಹೆಂಡ್ತೀನೇ ಇಲ್ಲ" ಎಂದು ಅಂಗಡಿಯವಳು ಕಾಲೆಳೆದರೆ, "ಇದಾಳಮ್ಮ, ನಾಲ್ಕು ಸಿಲಿಂಡರ್‌ನೋಳು. ಬಣ್ಣ ಹಚ್ಚದಿದ್ರೆ ಸ್ಟಾರ್ಟೇ ಆಗಲ್ಲ" ಎನ್ನುತ್ತಿದ್ದ.

ಆ ನಾಲ್ಕು ಸಿಲಿಂಡರ್‌ನವಳು ನಮ್ಮವರ ಹಳೆಯ ಕಾರು. ಅವರು ಹೋದ ಮೇಲೂ ನಾನು ಓಡಿಸುವುದನ್ನು ಬಿಡಲಿಲ್ಲ. ನನ್ನ ಅಕ್ಕನಿಗೆ ಮೊಣಕಾಲು ಮಡಚುವುದಿಲ್ಲ. ಹೊಸ ಕಾರುಗಳೊಳಗೆ ಅವಳನ್ನು ತೂರಿಸಲು ಆಗದು. ಇದರ ಬಾಗಿಲು ಅಗಲ, ಸೀಟು ಕುರ್ಚಿಯಷ್ಟು ಎತ್ತರ. ಭಾನುವಾರ ಅವಳನ್ನು ಕೂರಿಸಿಕೊಂಡು ಕೆರೆಯ ದಂಡೆಯವರೆಗೆ ಹೋಗಿ ಬರುತ್ತೇನೆ. ಅವಳು ಹೊರಗಿನ ಗಾಳಿ ಕಾಣುವುದು ಅಷ್ಟೇ.

ಹಳೆಯ ಕಾರುಗಳನ್ನು ಷೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿರುವ ಸಾಹುಕಾರರೊಬ್ಬರ ಕಣ್ಣು ಇದರ ಮೇಲೆ ಬಿತ್ತು. ಮೈದುನ ಅವರ ಪರವಾಗಿ ಎರಡು ಸಲ ಕೇಳಿದ. ಬೇಡ ಎಂದೆ. ನಕ್ಕು ಸುಮ್ಮನಾದ.

ಅದಾದ ಸ್ವಲ್ಪ ದಿನಕ್ಕೆ ಕಾರಿನ ಕೆಳಗೆ ಎಣ್ಣೆ ಬೀಳತೊಡಗಿತು. ಅವನು ಬಂದು ಕೆಳಗೆ ರಟ್ಟು ಹಾಸಿದ, ಅಂಗಾತ ಮಲಗಿ ನೋಡಿದ. ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆಯಿಂದ ತೊಟ್ಟಿಕ್ಕುತ್ತಿತ್ತು.

"ಅತ್ತಿಗೆ, ಕ್ರ್ಯಾಂಕಿನ ಹಿಂದೆ ಎಣ್ಣೆ ತಡೆಯೋ ಸೀಲು ಹೋಗಿದೆ. ಇಂಜಿನ್ ಪೂರ್ತಿ ಇಳಿಸ್ಬೇಕು. ಇಳಿಸಿದ್ರೂ ಆ ಸೀಲು ಎಲ್ಲೂ ಸಿಗಲ್ಲ."

"ಬೇರೆ ಯಾರಿಗಾದ್ರೂ ತೋರಿಸೋಣ್ವೇನೋ?"

"ತೋರಿಸಿ. ನನಗಿಂತ ತಿಳಿದೋರು ಸಿಕ್ಕಿದ್ರೆ ನಂಗೂ ಪರಿಚಯ ಮಾಡ್ಸಿ."

ಇಬ್ಬರೂ ನಕ್ಕೆವು. ರಟ್ಟನ್ನು ಮುಟ್ಟಿದ ನನ್ನ ಬೆರಳಿಗೆ ಎಣ್ಣೆ ಮೆತ್ತಿಕೊಂಡಿತ್ತು. ಅವನು ಹೆಗಲ ಬಟ್ಟೆ ತೆಗೆದು ಬೆರಳು ಬೆರಳಾಗಿ ಒರೆಸಿದ. "ಮನಸ್ಸು ಗಟ್ಟಿ ಮಾಡ್ಕೊಳಿ. ಸಾಹುಕಾರ್ರ ಹತ್ರ ಇದ್ರೆ ನೆರಳಲ್ಲಾದ್ರೂ ಇರುತ್ತೆ" ಎಂದ. ನಾನು ಹೂಂ ಎಂದುಬಿಟ್ಟೆ.

ಅಕ್ಕನಿಗೆ ಹೇಳಿದಾಗ, "ಹೋಗ್ಲಿ ಬಿಡೆ. ನಾನೂ ಎಲ್ಲಾ ಕಡೆ ಸೋರ್ತಾ ಇದೀನಿ, ನನ್ನನ್ಯಾವ ಸಾಹುಕಾರ್ರೂ ಕೇಳ್ಲಿಲ್ಲ" ಎಂದು ನಗಿಸಿದಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಕಾರು ಒಯ್ಯುವ ದಿನ ಬೆಳಿಗ್ಗೆ, ಕೊಳಕಾಗಿ ಕಳಿಸುವುದು ಬೇಡವೆಂದು ಇಂಜಿನ್ನನ್ನು ಸೀಮೆಎಣ್ಣೆ ಹಾಕಿ ಬ್ರಷ್ಷಿನಿಂದ ಉಜ್ಜಿ ತೊಳೆದೆ. ಎಣ್ಣೆ ಮೇಲೆಲ್ಲೋ ಹೊರಟು ಕೆಳಗೆಲ್ಲೋ ಬೀಳುತ್ತದೆಂದು ನಮ್ಮವರು ಸೋರಿಕೆ ಹುಡುಕುವಾಗ ಮುಖದ ಪೌಡರು ಉದುರಿಸುತ್ತಿದ್ದರು. ಅದು ನೆನಪಾಯಿತು. ನನಗೆ ಅನುಮಾನವೇನೂ ಇರಲಿಲ್ಲ. ಬಿಟ್ಟುಕೊಡುವ ಮುಂಚೆ ಅದರ ಗಾಯವನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತು. ಇಂಜಿನ್ ಒಣಗಿದ ಮೇಲೆ ಪೌಡರು ಉದುರಿಸಿ ಸ್ಟಾರ್ಟ್ ಮಾಡಿ, ಟಾರ್ಚ್ ಹಿಡಿದು ನಿಂತೆ.

ಇಂಜಿನ್ ಬಿಸಿಯಾಯಿತು. ಕೆಳಗೆ, ಸೀಲಿನ ಕಡೆ, ಪೌಡರು ಬೆಳ್ಳಗೇ ಇತ್ತು. ಮೇಲೆ, ಇಂಜಿನ್ನಿನ ನೆತ್ತಿಗೆ ಮುಚ್ಚಳದಂತಿರುವ ಟ್ಯಾಪೆಟ್ ಕವರಿನ ಹಿಂದಿನ ಅಂಚಿನಲ್ಲಿ ಒಂದು ಕಪ್ಪು ಎಳೆ ಹುಟ್ಟಿತು. ಇಂಜಿನ್ನಿನ ಬೆನ್ನ ಮೇಲೆ ಮೆಲ್ಲಗೆ ಇಳಿದು, ಗೇರ್‌ಬಾಕ್ಸಿನ ಸಂದಿಗೆ ಬಂದು ತೊಟ್ಟಾಯಿತು.

ಕವರಿನಡಿ ಎಣ್ಣೆ ತಡೆಯುವ ಕಾರ್ಕ್ ಪಟ್ಟಿ ಹಳೆಯದಾಗಿ ಬಿರುಸಾಗಿರಬೇಕು, ಇಷ್ಟಕ್ಕೇ ಹೆದರಿದೆವಲ್ಲ ಎಂದು ಖುಷಿಯಾಯಿತು. ಇಂಜಿನ್ ನಿಲ್ಲಿಸಿ, ಬಿಚ್ಚೋಣವೆಂದು ಬೋಲ್ಟುಗಳ ಮೇಲಿನ ಪೌಡರು ಒರೆಸಿದೆ. ಕೆಂಪು ಗೆರೆಗಳೆಲ್ಲ ಮುರಿದಿದ್ದವು.

ಅದುರಿ ಸಡಿಲವಾದ ಬೋಲ್ಟುಗಳು ಒಂದೊಂದು ಒಂದೊಂದು ಥರ ತಿರುಗಿರುತ್ತವೆ. ಇವೆಲ್ಲ ಒಂದೇ ಅಳತೆಗೆ ತಿರುಗಿದ್ದವು. ಕವರು ಸೊಟ್ಟಗಾಗದಂತೆ, ಕಾರ್ಕು ಹರಿಯದಂತೆ, ಒಂದು ಈ ಕಡೆ ಒಂದು ಆ ಕಡೆ ಎಂದು ಸಾವಕಾಶವಾಗಿ ಸಡಿಲಿಸಿದ ಕೈ ಅದು. ಆ ಕೈ ನನಗೆ ಗೊತ್ತು. ಕೆಡಿಸುವುದನ್ನೂ ಅವನು ಅಚ್ಚುಕಟ್ಟಾಗಿಯೇ ಮಾಡಿದ್ದ.

ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತೆ. ಆಮೇಲೆ ಸ್ಪ್ಯಾನರ್ ತಂದು, ಗೆರೆ ಗೆರೆಗೆ ಕೂಡುವವರೆಗೆ ಒಂದೊಂದೇ ಬಿಗಿ ಮಾಡಿದೆ. ಒರೆಸಿ, ಮತ್ತೆ ಪೌಡರು ಹಾಕಿ ಓಡಿಸಿದೆ. ಪೌಡರು ಬೆಳ್ಳಗೇ ಉಳಿಯಿತು.

ಅವನು ಸಾಹುಕಾರರನ್ನು ಕರೆದುಕೊಂಡು ಬಂದ. ಬಾನೆಟ್ ತೆರೆದೇ ಇತ್ತು. ಪೌಡರು ನೋಡಿದ, ಸ್ಪ್ಯಾನರ್ ನೋಡಿದ. ಹೆಗಲ ಬಟ್ಟೆ ಕೈಗೆ ಬಂತು.

"ಕಾರು ಕೊಡೋಲ್ಲ, ಸ್ವಾಮಿ. ವಾಸಿಯಾಯ್ತು" ಎಂದೆ.

"ಸೀಲು ಎಲ್ಲಿ ಸಿಕ್ತಮ್ಮ?" ಎಂದರು ಸಾಹುಕಾರರು.

"ಇವನನ್ನೇ ಕೇಳಿ."

ಅವರು ಇಬ್ಬರ ಮುಖವನ್ನೂ ನೋಡಿ, ಫೋನು ಬಂತೆಂದು ಹೊರಗೆ ಹೋದರು. ಫೋನು ಬಂದಿರಲಿಲ್ಲ.

"ಎರಡು ಸಲ ಕೇಳಿದ್ನಲ್ಲ ಅತ್ತಿಗೆ. ನೀವು ಬೇಡ ಅಂದ್ರಿ."

"ಬೇಡ ಅಂದ್ರೆ ಬೇಡ ಅಂತಲ್ವೇನೋ?"

"ಇದನ್ನ ತಂದ್ರೆ ಅವ್ರ ಷೆಡ್ಡಲ್ಲಿ ಕೆಲಸ ಕೊಡ್ತೀನಂದ್ರು. ಎಲ್ಲಾ ಇಂಥವೇ ಗಾಡಿಗಳು. ನಮ್ಮ ಗ್ಯಾರೇಜಿಗೆ ಈಗ ಯಾರು ಬರ್ತಾರೆ, ಹೇಳಿ. ನಿಮಗೆ ಭಾನುವಾರ ಒಂದು ಕೆರೆ. ನನಗೆ ಬದುಕು."

ಅದು ಸುಳ್ಳಲ್ಲ. ಗ್ಯಾರೇಜು ಖಾಲಿ ಬಿದ್ದಿದ್ದನ್ನು ನಾನೂ ಕಂಡಿದ್ದೆ.

"ನನ್ನ ಬೆರಳು ಒರೆಸಿದ್ಯಲ್ಲೋ. ಆವಾಗ್ಲೂ ನಿಜ ಹೇಳೋಕೆ ಬಾಯಿ ಬರ್ಲಿಲ್ವಾ?"

ಅವನು ಇಂಜಿನ್ ಮೇಲೆ ಬಗ್ಗಿ, ಗೆರೆಗಳ ಮೇಲೆ ಬೆರಳಾಡಿಸಿದ. "ಜಾಸ್ತಿ ಬಿಗಿ ಮಾಡಿಲ್ಲ ತಾನೆ? ಕಾರ್ಕು ಹಿಂಡಿಹೋಗುತ್ತೆ" ಎಂದ.

"ಹೋಗು" ಎಂದೆ.

ಕಾರು ಸಿಗದ ಸಾಹುಕಾರರು ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಬಸ್ ಡಿಪೋದಲ್ಲಿ ಟೈರಿಗೆ ಗಾಳಿ ಹಾಕುತ್ತಾನಂತೆ. ಬಟ್ಟೆ ಹೆಗಲ ಮೇಲೇ ಇದೆಯಂತೆ. ನಮ್ಮ ಮನೆಗೆ ಬರುವುದಿಲ್ಲ, ನಾನೂ ಹೇಳಿಕಳಿಸಿಲ್ಲ. ಕೆರೆ ದಂಡೆಯಲ್ಲಿ ಅಕ್ಕ, "ಒರೆಸುಬಟ್ಟೆ ಎಲ್ಲೇ, ಕಾಣೋದೇ ಇಲ್ಲ?" ಎಂದು ಕೇಳುತ್ತಾಳೆ. ಕೆಲಸ ಜಾಸ್ತಿಯಂತೆ ಎನ್ನುತ್ತೇನೆ.

ಕೆಂಪು ಗೆರೆಗಳನ್ನು ತಿಕ್ಕಿ ತೆಗೆದು, ಬಿಳಿ ಬಣ್ಣದಲ್ಲಿ ನಾನೇ ಎಳೆದಿದ್ದೇನೆ. ಅವನ ಗೆರೆಯಷ್ಟು ನೇರ ಬಂದಿಲ್ಲ. ಮೊದಲೆಲ್ಲ ಬಾನೆಟ್ ಎತ್ತಿದರೆ ಎಣ್ಣೆ ಎಷ್ಟಿದೆಯೆಂದು ನೋಡುತ್ತಿದ್ದೆ. ಈಗ ಮೊದಲು ಗೆರೆ ನೋಡುತ್ತೇನೆ.