ಕಿಣ್ವ ಕತ್ತರಿಸದ ಡಿಎನ್‌ಎ

ಮೂವತ್ತು ದಾಟಿದ ಮೇಲೆ ಪಿಎಚ್‌.ಡಿ.ಗೆ ಸೇರಿದ ಚೂಡಾಮಣಿಯನ್ನು ಚಾಮರಾಜಪುರಂನ ನೆಂಟರು ಆಡಿಕೊಂಡದ್ದು ಅಷ್ಟಿಷ್ಟಲ್ಲ. ಗಂಡ ಮಹದೇವಪ್ರಸಾದ್ ಮಾತ್ರ ಏನೂ ಅನ್ನದೆ, ಮಗಳು ಲಾಸ್ಯಳನ್ನು ಶಾಲೆಗೆ ಬಿಟ್ಟುಬರುವ ಕೆಲಸ ತಾನೇ ವಹಿಸಿಕೊಂಡ. ಅದು ೨೦೦೧ನೇ ಇಸವಿ.

ಅವಳು ಕೈಗೆತ್ತಿಕೊಂಡದ್ದು ತಂಬಾಕಿನ ಸಸಿ. ಸುಡುಬಿಸಿಲು, ಬರ, ಉಪ್ಪುನೀರು, ಯಾವ ಕಷ್ಟ ಬಂದರೂ ಗಿಡದೊಳಗೆ ಆಮ್ಲಜನಕ ಉಗ್ರರೂಪ ತಾಳಿ ಜೀವಕೋಶಗಳನ್ನು ಹಾಳುಗೆಡವತೊಡಗುತ್ತದೆ. ಆಗ ಡಿಎನ್‌ಎ ಮೇಲಿನ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಏನಾಗುತ್ತವೆ ಎಂಬುದು ಅವಳ ಪ್ರಶ್ನೆ. ಆ ಗುರುತು ಬಿದ್ದ ಕಡೆ ಜೀನು ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡಿರುತ್ತದೆ. ಪರೀಕ್ಷೆಗೆ ಒಂದು ಕಿಣ್ವವಿತ್ತು. ಗುರುತಿಲ್ಲದ ಕಡೆ ಅದು ಡಿಎನ್‌ಎಯನ್ನು ಕತ್ತರಿಸುತ್ತದೆ, ಇದ್ದ ಕಡೆ ಬಿಟ್ಟುಬಿಡುತ್ತದೆ.

ಅವಳು ಬೇಕೆಂದೇ ಅಂಥ ಕಷ್ಟಕ್ಕೊಡ್ಡಿದ, ನೊಂದ ಸಸಿಗಳ ಡಿಎನ್‌ಎಯನ್ನು ಕಿಣ್ವ ಕತ್ತರಿಸಲೇ ಇಲ್ಲ. ಹಾಗಾದರೆ ಗುರುತು ಹೆಚ್ಚಾಗಿದೆ ಎಂದು ಮಾರ್ಗದರ್ಶಕ ಬಸವರಾಜು ಹಿಗ್ಗಿ, ಹೈದರಾಬಾದಿನ ಸಮ್ಮೇಳನಕ್ಕೆ ಪ್ರಬಂಧ ಕಳಿಸಿಬಿಟ್ಟರು.

ಹೊರಡುವ ದಿನ ಹತ್ತಿರ ಬಂದಾಗ, ಆ ಡಿಎನ್‌ಎಗೆ ತುಸು ಕಂದು ಬಣ್ಣವಿರುವುದು ಅವಳನ್ನು ಕಾಡತೊಡಗಿತು. ಹೆಚ್ಚಿಟ್ಟ ಬದನೆಕಾಯಿ ಕಂದಾಗುತ್ತದಲ್ಲ, ಅಂಥದೇ ಕೊಳೆ. ಕಿಣ್ವವನ್ನು ತಡೆದದ್ದು ಅದೇ ಇರಬಹುದೆ? ಯಾವ ಗುರುತೂ ಇಲ್ಲದ ಬೇರೆ ಡಿಎನ್‌ಎಯನ್ನು ಅದಕ್ಕೆ ಬೆರೆಸಿ ನೋಡಿದಳು. ಅದನ್ನೂ ಕಿಣ್ವ ಕತ್ತರಿಸಲಿಲ್ಲ. ಅಷ್ಟು ದಿನದ ಫಲಿತಾಂಶವೆಲ್ಲ ಬರೀ ಕೊಳೆಯ ಆಟ.

ಆ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತ ಅತ್ತಳು. ತಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಗಂಡನ ಹತ್ತಿರ ಅಂದಳು.

"ನಿನಗೆ ಗೊತ್ತಾಗ್ಬುಟ್ಟಿದೆಯಲ್ಲ ಕಣೆ," ಎಂದ ಮಹದೇವಪ್ರಸಾದ್.

ಮರುದಿನ ಬಸವರಾಜು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬಂದಿತ್ತು, ಮುಖದಲ್ಲೇ ಕಾಣುತ್ತಿತ್ತು. ಕಡೆಗೆ, "ಪ್ರಬಂಧ ವಾಪಸ್ ತಗೊಳ್ಳೋಣಮ್ಮ," ಎಂದರು. ಆಮೇಲೆ ಎಷ್ಟೋ ದಿನ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಆ ಮೌನವೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೆಲಸ ಬಿಟ್ಟುಬಿಡುವ ಮನಸ್ಸೂ ಬಂದು ಹೋಯಿತು.

ಬಿಡಲಿಲ್ಲ. ಹೊಸ ಸಸಿ ಬೆಳೆಸಿದಳು, ಕೊಳೆ ಹೋಗುವಂತೆ ಡಿಎನ್‌ಎ ತೊಳೆಯುವುದನ್ನು ಕಲಿತಳು. ಮತ್ತೆ ಕಿಣ್ವ ಹಾಕಿದಾಗ ಫಲಿತಾಂಶ ತಿರುಗುಮುರುಗಾಗಿತ್ತು. ನೊಂದ ಗಿಡಗಳಲ್ಲಿ ಗುರುತು ಹೆಚ್ಚಿರಲಿಲ್ಲ, ಹಲವು ಕಡೆ ಅಳಿಸಿಹೋಗಿತ್ತು. ಸುಮ್ಮನಿದ್ದ ಕೆಲವು ಜೀನುಗಳು ಎಚ್ಚೆತ್ತಿದ್ದವು. ನಂಬಿಕೆ ಬಾರದೆ ಮೊದಲಿನಿಂದ ಮತ್ತೆ ಮಾಡಿದಳು. ಅದೇ ಬಂತು.

ಬಸವರಾಜು ತಾವಾಗಿಯೇ ಅವಳ ಮೇಜಿಗೆ ಬಂದು, ಕಿಣ್ವ ಕತ್ತರಿಸಿದ ಡಿಎನ್‌ಎಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಆವತ್ತು ನಾನೇ ಅವಸರ ಮಾಡಿದ್ದು ಕಣಮ್ಮ," ಎಂದರು ಮೆಲ್ಲಗೆ.

೨೦೦೬ರಲ್ಲಿ, ಅಂದುಕೊಂಡದ್ದಕ್ಕಿಂತ ತಡವಾಗಿ, ಪದವಿ ಸಿಕ್ಕಿತು. ಅದಾದ ಮೇಲೆ ಬಂದ ವಿದ್ಯಾರ್ಥಿಗಳನ್ನು ಬಸವರಾಜು, ಡಿಎನ್‌ಎ ತೊಳೆಯುವುದನ್ನು ಕಲಿಯಲೆಂದು, ಮೊದಲು ಅಲ್ಲೇ ಉಳಿದಿದ್ದ ಚೂಡಾಮಣಿಯ ಹತ್ತಿರವೇ ಕಳಿಸುತ್ತಿದ್ದರು.